ಪಿಡಿಎಫ್‌ನಲ್ಲಿ ಒಡೆಯುವ ಒತ್ತಕ್ಷರಗಳ ದೋಷವನ್ನು ತಿಳಿಸುವ ಬಗೆ

ನಮಸ್ಕಾರ. ಸಕಲೇಶಪುರದ ನಿಮ್ಮ ತೋಟದ ಬಟವಾಡೆ ಪಟ್ಟಿಯನ್ನು ಲೆಕ್ಕಪಟ್ಟಿ ತಂತ್ರಾಂಶವಾದ ಲಿಬ್ರೆಆಫೀಸ್ ಕ್ಯಾಲ್ಕ್‌ನಿಂದ ಪಿಡಿಎಫ್ ಮಾಡಿದಾಗ ಒತ್ತಕ್ಷರಗಳು ಒಡೆಯುತ್ತವೆ, ಲಿಬ್ರೆಆಫೀಸ್‌ನ ಸಹಾಯ ವೇದಿಕೆಯಲ್ಲಿ ಎರಡು ಬಾರಿ ಕೇಳಿದರೂ ಯಾರೂ ಉತ್ತರಿಸಲಿಲ್ಲ ಎಂದು ಬರೆದಿದ್ದೀರಿ.

ಅಲ್ಲಿ ನೆರವಾಗುವವರು ಸಂಬಳದ ನೌಕರರಲ್ಲ, ನಮ್ಮಂತೆಯೇ ಬಳಕೆದಾರರು. ಅವರಲ್ಲಿ ಬಹುಮಂದಿಗೆ ಕನ್ನಡ ಓದಲು ಬಾರದ ಕಾರಣ, 'ಅಕ್ಷರ ಸರಿಯಿಲ್ಲ' ಎಂದಷ್ಟೇ ಬರೆದರೆ ತಪ್ಪು ಎಲ್ಲಿದೆಯೆಂದು ಅವರ ಕಣ್ಣಿಗೆ ಕಾಣುವುದೇ ಇಲ್ಲ. ಆದ್ದರಿಂದ ಪರದೆಯ ಮೇಲಿನ ಸರಿಯಾದ ರೂಪವನ್ನೂ ಪಿಡಿಎಫ್‌ನ ಒಡೆದ ರೂಪವನ್ನೂ ಚಿತ್ರಗಳಾಗಿ ಅಕ್ಕಪಕ್ಕದಲ್ಲಿ ಕೊಡಿ.

ಮೂಲ ಪಟ್ಟಿಯನ್ನು ದಯವಿಟ್ಟು ಲಗತ್ತಿಸಬೇಡಿ, ಅದರಲ್ಲಿ ಕೆಲಸಗಾರರ ಹೆಸರು ಮತ್ತು ಕೂಲಿಯ ವಿವರಗಳಿವೆ. ಹೊಸ ಕಡತವೊಂದರ ಒಂದೇ ಕೋಶದಲ್ಲಿ 'ಚಿಕ್ಕಮಗಳೂರು' ಎಂದು ಬರೆದು ಪರೀಕ್ಷಿಸಿ. 'ಹಾಸನ' ಎಂದು ಬರೆದರೆ ಅದರಲ್ಲಿ ಒತ್ತಕ್ಷರವೇ ಇಲ್ಲದಿರುವುದರಿಂದ ದೋಷ ಹೊರಬೀಳುವುದಿಲ್ಲ. ಬಳಿಕ ನೋಟೊ ಸ್ಯಾನ್ಸ್ ಕನ್ನಡದಂತಹ ಬೇರೊಂದು ಯೂನಿಕೋಡ್ (ಎಲ್ಲ ಗಣಕಗಳಿಗೂ ಸಾಮಾನ್ಯವಾದ ಅಕ್ಷರ ಸಂಕೇತ) ಫಾಂಟ್‌ನಲ್ಲಿಯೂ, ಸಹಾಯ ಮೆನುವಿನಿಂದ ಸೇಫ್ ಮೋಡ್‌ನಲ್ಲಿ, ಅಂದರೆ ನಿಮ್ಮ ಬದಲಾಯಿಸಿದ ಸೆಟ್ಟಿಂಗ್‌ಗಳಿಲ್ಲದೆ, ಮರುಪ್ರಾರಂಭಿಸಿಯೂ ನೋಡಿ. ಪಟ್ಟಿಯನ್ನು 'ನುಡಿ' ಎಂಬ ಕನ್ನಡ ಟೈಪಿಂಗ್ ತಂತ್ರಾಂಶದ ಹಳೆಯ, ಯೂನಿಕೋಡ್ ಅಲ್ಲದ ಫಾಂಟ್‌ನಲ್ಲಿ ಟೈಪ್ ಮಾಡಿದ್ದರೆ ಇದು ಲಿಬ್ರೆಆಫೀಸ್‌ನ ದೋಷವಾಗಿರದೆ ಇರಬಹುದು. ಮೊದಲು ಪಠ್ಯವನ್ನು ಯೂನಿಕೋಡ್‌ಗೆ ಪರಿವರ್ತಿಸಬೇಕು.

ಇಷ್ಟಾದರೂ ದೋಷ ಉಳಿದರೆ, ಲಿಬ್ರೆಆಫೀಸ್ ಅನ್ನು ನಡೆಸುವ ಡಾಕ್ಯುಮೆಂಟ್ ಫೌಂಡೇಶನ್‌ನ ಬಗ್‌ಜಿಲ್ಲಾ ಎಂಬ ದೋಷ ದಾಖಲಿಸುವ ಜಾಲತಾಣದಲ್ಲಿ ಇದೇ ದೂರು ಈಗಾಗಲೇ ಇದೆಯೇ ಎಂದು ಹುಡುಕಿ. ಇದ್ದರೆ ಅದರಡಿಯಲ್ಲಿಯೇ ನಿಮ್ಮ ಮಾಹಿತಿಯನ್ನು ಸೇರಿಸಿ, ಇಲ್ಲದಿದ್ದರೆ ಮಾತ್ರ ಹೊಸದನ್ನು ದಾಖಲಿಸಿ. ಆವೃತ್ತಿಯ ಪೂರ್ಣ ಸಂಖ್ಯೆ, ಕಾರ್ಯಾಚರಣಾ ವ್ಯವಸ್ಥೆ ಮತ್ತು ಫಾಂಟ್‌ನ ಹೆಸರನ್ನು ಬರೆಯಲು ಮರೆಯಬೇಡಿ. ನನ್ನ ಮೊದಲ ವರದಿ ತಿಂಗಳುಗಟ್ಟಲೆ ಹಾಗೆಯೇ ಉಳಿದದ್ದು ನಾನು ಆವೃತ್ತಿಯನ್ನು ನಮೂದಿಸದಿದ್ದ ಕಾರಣಕ್ಕೆ. ಪರೀಕ್ಷಾ ಕಡತವನ್ನು ಇಲ್ಲಿಯೂ ಹಾಕಿದರೆ ನನ್ನ ಗಣಕದಲ್ಲಿ ತೆರೆದು ನೋಡಿ ತಿಳಿಸುತ್ತೇನೆ.