ಕಿಟಕಿಯಿಲ್ಲದ ಬಾತ್‌ರೂಮಿನಲ್ಲಿ ಗ್ಯಾಸ್ ಗೀಸರ್, ಗೋಡೆಗೆ ತೇವ, ಸ್ವಿಚ್ ಮುಟ್ಟಿದರೆ ಶಾಕ್: ಓನರ್ ರಿಪೇರಿ ಮಾಡಿಸದಿದ್ದರೆ ಬಾಡಿಗೆದಾರರಿಗೆ ಏನು ಹಕ್ಕಿದೆ?

ನಿಮ್ಮ ಪ್ರಶ್ನೆಯನ್ನು ಎರಡು ಸಲ ಓದಿದೆ. 8 ತಿಂಗಳಿಂದ ಈ ಬಾಡಿಗೆ ಮನೆಯಲ್ಲಿದ್ದೀರಿ. ಬಾತ್‌ರೂಮಿಗೆ ಕಿಟಕಿಯಿಲ್ಲ, ಗ್ಯಾಸ್ ಗೀಸರ್ ಒಳಗೇ ಇದೆ. ಮಲಗುವ ಕೋಣೆಯ ಗೋಡೆ ತೇವ ಹಿಡಿದು ಕಪ್ಪು ಬೂಷ್ಟು ಬಂದಿದೆ. ಸ್ವಿಚ್ ಬೋರ್ಡ್ ಮುಟ್ಟಿದರೆ ಒಮ್ಮೊಮ್ಮೆ ಜುಮ್ಮೆನ್ನುತ್ತದೆ. ಓನರ್‌ಗೆ ಹೇಳಿದರೆ "ಅಡ್ಜಸ್ಟ್ ಮಾಡ್ಕೊಳ್ಳಿ, ಆಗಲ್ಲ ಅಂದ್ರೆ ಬೇರೆ ಮನೆ ನೋಡ್ಕೊಳ್ಳಿ" ಅಂದರಂತೆ. ಕೊನೆಯಲ್ಲಿ, ಅದೇನು ದೊಡ್ಡ ವಿಷಯವಲ್ಲ ಎಂಬಂತೆ, ಸ್ನಾನವಾದ ಮೇಲೆ ಹೆಂಡತಿಗೆ ತಲೆನೋವು ಬರುತ್ತದೆ ಅಂತಲೂ ಬರೆದಿದ್ದೀರಿ. ನಾನು ಅಲ್ಲಿಂದಲೇ ಶುರು ಮಾಡುತ್ತೇನೆ.

ಈ ಉತ್ತರ ಓದಿದ ಕ್ಷಣದಿಂದ ಆ ಗೀಸರ್ ಬಳಸಬೇಡಿ. ಒಲೆಯ ಮೇಲೆ ನೀರು ಕಾಯಿಸಿಕೊಳ್ಳಿ, ಕಷ್ಟವಾದರೂ ಸರಿ. ಹಕ್ಕಿನ ಮಾತು ಆಮೇಲೆ ಆಡೋಣ.

ಇಷ್ಟು ಒತ್ತಿ ಹೇಳಲು ಕಾರಣವಿದೆ. ಕೆಲವು ವರ್ಷಗಳ ಹಿಂದೆ ನಾನು, ನನ್ನ ತಮ್ಮ ಇಂಥದ್ದೇ ಮನೆಯಲ್ಲಿ ಬಾಡಿಗೆಗಿದ್ದೆವು. ಬಾತ್‌ರೂಮಿನಲ್ಲಿದ್ದ ಸಣ್ಣ ಗಾಳಿಕಿಂಡಿಯನ್ನು ನಮಗಿಂತ ಮೊದಲಿದ್ದವರು ಚಳಿಗೆಂದು ರಟ್ಟಿಟ್ಟು ಮುಚ್ಚಿದ್ದರು. ನಾವದನ್ನು ಗಮನಿಸಿರಲೇ ಇಲ್ಲ. ಒಂದು ಬೆಳಿಗ್ಗೆ ತಮ್ಮ ಸ್ನಾನಕ್ಕೆ ಹೋದವನು ಎಷ್ಟು ಹೊತ್ತಾದರೂ ಬರಲಿಲ್ಲ. ನೀರು ಸುರಿಯುವ ಸದ್ದು ಮಾತ್ರ ಕೇಳುತ್ತಿತ್ತು. ಕೂಗಿದರೆ ಉತ್ತರವಿಲ್ಲ. ಚಿಲಕ ಮುರಿದು ಒಳಗೆ ನುಗ್ಗಿದಾಗ ಗೋಡೆಗೊರಗಿ ಬಿದ್ದಿದ್ದ. ಹೊರಗೆ ಎಳೆದುಕೊಂಡು ಬಂದು ಬಾಗಿಲು, ಕಿಟಕಿ ಎಲ್ಲ ತೆರೆದೆವು. ಪಕ್ಕದ ಮನೆಯವರು "ಬಿಪಿ ಕಡಿಮೆ ಆಗಿರಬೇಕು" ಅಂದರು. ಆಸ್ಪತ್ರೆಯಲ್ಲಿ ಬೆರಳಿಗೆ ಹಾಕಿದ ಆಕ್ಸಿಮೀಟರ್ 98 ತೋರಿಸಿತು. ನಾನು ನಿಟ್ಟುಸಿರು ಬಿಟ್ಟೆ. ಆದರೆ ಡ್ಯೂಟಿಯಲ್ಲಿದ್ದ ವೈದ್ಯೆ ಕೇಳಿದ ಮೊದಲ ಪ್ರಶ್ನೆ "ಮನೆಯಲ್ಲಿ ಗ್ಯಾಸ್ ಗೀಸರ್ ಇದೆಯಾ?" ತಕ್ಷಣ ಆಕ್ಸಿಜನ್ ಹಾಕಿ ರಕ್ತ ಪರೀಕ್ಷೆಗೆ ಕಳಿಸಿದರು. ಆಕೆ ಆ ಪ್ರಶ್ನೆ ಕೇಳದೆ ಇದ್ದಿದ್ದರೆ, 98 ಇದೆಯಲ್ಲ ಅಂತ ಅವನನ್ನು ಮನೆಗೆ ಕರೆದುಕೊಂಡು ಬಂದು, ಮಾರನೇ ದಿನ ಅದೇ ಬಾತ್‌ರೂಮಿಗೆ ಕಳಿಸುತ್ತಿದ್ದೆ.

ಆಗಿದ್ದಿಷ್ಟು. ಗ್ಯಾಸ್ ಉರಿಯಲು ಗಾಳಿ ಬೇಕು. ಮುಚ್ಚಿದ ಕೋಣೆಯಲ್ಲಿ ಆಮ್ಲಜನಕ ಕಡಿಮೆಯಾದಂತೆ ಗ್ಯಾಸ್ ಪೂರ್ತಿ ಉರಿಯದೆ ಕಾರ್ಬನ್ ಮಾನಾಕ್ಸೈಡ್ ಹುಟ್ಟುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಸಿಲಿಂಡರ್ ಲೀಕ್ ಆದಾಗ ಮೂಗಿಗೆ ಹೊಡೆಯುವ ವಾಸನೆಯನ್ನು ಕಂಪನಿಯವರು ಬೇಕೆಂದೇ ಸೇರಿಸಿರುತ್ತಾರೆ, ಗ್ಯಾಸ್ ಉರಿದಾಗ ಅದೂ ಉರಿದುಹೋಗುತ್ತದೆ. ಹಾಗಾಗಿ "ವಾಸನೆ ಏನೂ ಬರುತ್ತಿಲ್ಲವಲ್ಲ" ಎಂಬ ಸಮಾಧಾನ ಇಲ್ಲಿ ಕೆಲಸಕ್ಕೆ ಬರುವುದಿಲ್ಲ. ಈ ಅನಿಲ ರಕ್ತದ ಹಿಮೋಗ್ಲೋಬಿನ್‌ಗೆ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಲವಾಗಿ ಅಂಟಿಕೊಳ್ಳುತ್ತದೆ. ಸಾಮಾನ್ಯ ಆಕ್ಸಿಮೀಟರ್‌ಗೆ ಎರಡರ ವ್ಯತ್ಯಾಸ ತಿಳಿಯುವುದಿಲ್ಲ. ನನ್ನ ತಮ್ಮನ 98 ಬಂದಿದ್ದು ಹಾಗೆ. ತಲೆನೋವು, ತಲೆಸುತ್ತು, ವಾಕರಿಕೆ, ಕಾಲಲ್ಲಿ ಶಕ್ತಿಯೇ ಇಲ್ಲದಂತಾಗುವುದು, ಹೊರಗಿನ ಗಾಳಿಗೆ ಬಂದರೆ ಕಡಿಮೆಯಾಗುವುದು, ಇವು ಇದರ ಲಕ್ಷಣಗಳು. ನಿಮ್ಮ ಹೆಂಡತಿಯ ತಲೆನೋವಿಗೆ ಬೇರೆ ಕಾರಣವೂ ಇರಬಹುದು, ಆದರೆ ಸ್ನಾನವಾದ ಮೇಲೆಯೇ ಬರುತ್ತದೆ ಎಂಬ ಒಂದು ಮಾತು ನನಗೆ ಸಾಕು. ವೈದ್ಯರ ಬಳಿ ಹೋದಾಗ ಗ್ಯಾಸ್ ಗೀಸರ್ ವಿಷಯವನ್ನು ನೀವಾಗಿಯೇ ಹೇಳಿ. ರಕ್ತದಲ್ಲಿ ಇದರ ಪ್ರಮಾಣ ಕೆಲವೇ ಗಂಟೆಗಳಲ್ಲಿ ಇಳಿದುಹೋಗುವುದರಿಂದ ನಾಳೆ, ನಾಡಿದ್ದು ಮಾಡಿಸಿದ ಪರೀಕ್ಷೆಯಲ್ಲಿ ಏನೂ ಕಾಣದೆ ಹೋಗಬಹುದು.

ಎಕ್ಸಾಸ್ಟ್ ಫ್ಯಾನ್ ಹಾಕಿಸಿದರೆ ಸಾಕು ಅಂತ ಓನರ್ ಹೇಳಬಹುದು. ಒಪ್ಪಬೇಡಿ. ಒಳಗೆ ಹೊಸ ಗಾಳಿ ಬರಲು ದಾರಿಯೇ ಇಲ್ಲದ ಕೋಣೆಯಲ್ಲಿ ಫ್ಯಾನ್ ಹಾಕಿದರೆ, ಹೊಗೆಕೊಳವೆಯಿಂದ ಹೊರಹೋಗಬೇಕಾದ ಅನಿಲವನ್ನೇ ಅದು ವಾಪಸ್ ಒಳಗೆ ಎಳೆಯಬಹುದು. ಸರಿಯಾದ ಪರಿಹಾರ ಗೀಸರನ್ನು ಗಾಳಿಯಾಡುವ ಹೊರಜಾಗಕ್ಕೆ ಸಾಗಿಸುವುದು, ಇಲ್ಲವೇ ಕರೆಂಟಿನ ಗೀಸರ್ ಹಾಕಿಸುವುದು. ಜೊತೆಗೆ ಒಂದು ಕಾರ್ಬನ್ ಮಾನಾಕ್ಸೈಡ್ ಅಲಾರಂ ನೀವೇ ಕೊಂಡುಕೊಳ್ಳಿ. ಮನೆ ಬದಲಿಸಿದರೂ ಅದು ನಿಮ್ಮ ಜೊತೆ ಬರುತ್ತದೆ.

ಸ್ವಿಚ್ ಬೋರ್ಡಿನ ಜುಮ್ಮೆನ್ನುವಿಕೆಯನ್ನೂ ಲಘುವಾಗಿ ತೆಗೆದುಕೊಳ್ಳಬೇಡಿ. "ಎಂಸಿಬಿ ಹಾಕಿದೆಯಲ್ಲ" ಅನ್ನುವುದು ಎಲ್ಲ ಕಡೆ ಸಿಗುವ ಉತ್ತರ. ಎಂಸಿಬಿ ಇರುವುದು ವೈರು ಸುಡದಂತೆ ಕಾಯಲು. 16 ಆಂಪಿಯರ್‌ನ ಎಂಸಿಬಿ ಅದಕ್ಕಿಂತ ಹೆಚ್ಚು ಕರೆಂಟ್ ಹರಿಯುವವರೆಗೂ ಬೀಳುವುದಿಲ್ಲ. ಮನುಷ್ಯನ ಜೀವಕ್ಕೆ ಅಪಾಯ ತರಲು ಅದರ ನೂರರ ಒಂದು ಪಾಲೂ ಬೇಡ. ಜನರನ್ನು ಕಾಯುವ ಸಾಧನ ಬೇರೆ, ಅದು 30 ಮಿಲಿಆಂಪಿಯರ್ ಸೋರಿಕೆಗೆ ಕರೆಂಟ್ ಕಡಿಯುವ ಆರ್‌ಸಿಸಿಬಿ. ಎಂಸಿಬಿ ಇರುವ ಡಬ್ಬಿಯಲ್ಲಿ 'ಟಿ' ಎಂದು ಬರೆದ ಸಣ್ಣ ಗುಂಡಿ ಕಂಡರೆ ಒತ್ತಿ ನೋಡಿ, ತಕ್ಷಣ ಕರೆಂಟ್ ಹೋಗಬೇಕು. ಗುಂಡಿಯೇ ಇಲ್ಲದಿದ್ದರೆ, ಅಥವಾ ಒತ್ತಿದರೂ ಏನೂ ಆಗದಿದ್ದರೆ, ಪರವಾನಗಿ ಇರುವ ಎಲೆಕ್ಟ್ರಿಷಿಯನ್‌ನನ್ನು ಕರೆಸಿ. ಅರ್ಥಿಂಗ್ ನಿಜಕ್ಕೂ ಇದೆಯೇ ಅಂತ ಪರೀಕ್ಷೆ ಮಾಡಿಸಿ, ಅವನು ಕಂಡಿದ್ದನ್ನು ಕಾಗದದಲ್ಲಿ ಬರೆಸಿಕೊಳ್ಳಿ. ಮೂರು ಪಿನ್ನಿನ ಸಾಕೆಟ್ ಇದ್ದು, ಮೂರನೇ ತೂತಿನ ಹಿಂದೆ ವೈರೇ ಇಲ್ಲದ ಮನೆಯಲ್ಲಿ ನಾನು ವಾಸ ಮಾಡಿದ್ದೇನೆ.

ಬೂಷ್ಟಿನ ವಿಷಯಕ್ಕೆ ಬಂದರೆ, "ನೀವು ಬಟ್ಟೆ ಒಳಗೆ ಒಣಗಿಸ್ತೀರಿ, ಕಿಟಕಿ ತೆಗೆಯಲ್ಲ" ಎಂದು ತಪ್ಪನ್ನು ಬಾಡಿಗೆದಾರರ ತಲೆಗೆ ಕಟ್ಟುವುದು ಹಳೆಯ ಚಾಳಿ. ಒಮ್ಮೊಮ್ಮೆ ಅದು ನಿಜವೂ ಇರುತ್ತದೆ. ಹಾಗಾಗಿ ಗೋಡೆಯನ್ನೇ ಓದಬೇಕು. ನೆಲದಿಂದ ಸುಮಾರು 1 ಮೀಟರ್‌ವರೆಗೆ ಏರಿ, ಉಪ್ಪಿನಂಥ ಬಿಳಿ ಗೆರೆ ಬಿಟ್ಟಿದ್ದರೆ ನೀರು ತಳಪಾಯದಿಂದ ಬರುತ್ತಿದೆ. ಮಳೆಯಾದಾಗ ಕಲೆ ಹರಡಿದರೆ ಹೊರಗೋಡೆಯಲ್ಲೋ ತಾರಸಿಯಲ್ಲೋ ಬಿರುಕಿದೆ. ಗೋಡೆಯಾಚೆ ಬಾತ್‌ರೂಮಿದ್ದರೆ ಎಲ್ಲ ನಲ್ಲಿ ಮುಚ್ಚಿ, ನೀರಿನ ಮೀಟರ್ ಇದ್ದರೆ 2 ಗಂಟೆ ಬಿಟ್ಟು ನೋಡಿ, ಮುಳ್ಳು ಸರಿದಿದ್ದರೆ ಪೈಪ್ ಸೋರುತ್ತಿದೆ. ಈ ಮೂರಕ್ಕೂ ನಿಮ್ಮ ಒದ್ದೆ ಬಟ್ಟೆಗೂ ಸಂಬಂಧವಿಲ್ಲ. ಬರೀ ಮೂಲೆಗಳಲ್ಲಿ, ಬೀರುವಿನ ಹಿಂದೆ ಮಾತ್ರ ಬೂಷ್ಟಿದ್ದರೆ ಒಳಗಿನ ಹಬೆ ತಣ್ಣನೆಯ ಗೋಡೆಗೆ ಕೂತಿರುವ ಸಾಧ್ಯತೆ ಹೆಚ್ಚು.

ಮೇಲೆ ಬಣ್ಣ ಬಳಿದು ಕೊಟ್ಟರೆ ಸುಮ್ಮನಾಗಬೇಡಿ. ಇಂಗ್ಲೆಂಡಿನ ರಾಚ್‌ಡೇಲ್‌ನಲ್ಲಿ 2020ರ ಡಿಸೆಂಬರಿನಲ್ಲಿ ಅವಾಬ್ ಇಶಾಕ್ ಎಂಬ 2 ವರ್ಷದ ಮಗು ತೀರಿಕೊಂಡಿತು. ಅದರ ತಂದೆ 2017ರಲ್ಲೇ ಬೂಷ್ಟಿನ ಬಗ್ಗೆ ಹೇಳಿದಾಗ ಸಿಕ್ಕ ಸಲಹೆ, ಅದರ ಮೇಲೆ ಬಣ್ಣ ಹೊಡೆಯಿರಿ ಎಂಬುದು. ಮನೆಯ ಬೂಷ್ಟಿನಲ್ಲಿ ದೀರ್ಘಕಾಲ ಉಸಿರಾಡಿದ್ದರಿಂದಾದ ತೀವ್ರ ಉಸಿರಾಟದ ತೊಂದರೆಯೇ ಸಾವಿಗೆ ಕಾರಣವೆಂದು 2022ರಲ್ಲಿ ವಿಚಾರಣೆ ನಡೆಸಿದ ಅಧಿಕಾರಿ ಹೇಳಿದರು. ಕಡಿಮೆ ಬಾಡಿಗೆಯ ಸಾಮಾಜಿಕ ವಸತಿ ಮನೆಗಳನ್ನು ಕೊಟ್ಟ ಸಂಸ್ಥೆಗಳು ಇಂಥ ಅಪಾಯಗಳನ್ನು ನಿಗದಿತ ಗಡುವಿನೊಳಗೆ ಸರಿಪಡಿಸಬೇಕೆಂಬ ಕಾನೂನಿಗೆ ಅಲ್ಲಿ ಈಗ ಆ ಮಗುವಿನ ಹೆಸರೇ ಇದೆ. ಈ ಸಂಗತಿ ನೆನೆದಾಗಲೆಲ್ಲ ನನಗೆ ಸಂಕಟವಾಗುತ್ತದೆ. ಆ ತಂದೆ ಕೇಳಿದ್ದು ಗೋಡೆ ಸರಿಮಾಡಿಕೊಡಿ ಅಂತ ಅಷ್ಟೇ.

ಈಗ ನಿಮ್ಮ ಪ್ರಶ್ನೆ, ಹಕ್ಕಿದೆಯೇ? ಇದೆ. ವಿವರಗಳು ದೇಶದಿಂದ ದೇಶಕ್ಕೆ ಬದಲಾಗುತ್ತವೆ, ತಿರುಳು ಒಂದೇ. ಬಾಡಿಗೆ ಕೊಡುವುದು ಬದುಕಲು ಯೋಗ್ಯವಾದ ಮನೆಗೆ, ನಾಲ್ಕು ಗೋಡೆ ಒಂದು ಬೀಗದ ಕೈಗಲ್ಲ. 1970ರಲ್ಲಿ ವಾಷಿಂಗ್ಟನ್‌ನ ಮೇಲ್ಮನವಿ ನ್ಯಾಯಾಲಯದ ಮುಂದೆ ಬಂದ ಒಂದು ಪ್ರಕರಣದಲ್ಲಿ ಬಾಡಿಗೆದಾರರು ತಮ್ಮ ಕಟ್ಟಡದಲ್ಲಿ ಸುಮಾರು 1,500 ನಿಯಮ ಉಲ್ಲಂಘನೆಗಳಿವೆ ಎಂದಿದ್ದರು. ಒಪ್ಪಂದದಲ್ಲಿ ಬರೆದಿರಲಿ ಬಿಡಲಿ, ಮನೆ ವಾಸಕ್ಕೆ ಯೋಗ್ಯವಾಗಿರುತ್ತದೆ ಎಂಬ ಭರವಸೆ ಅದರಲ್ಲಿ ಸೇರಿಯೇ ಇರುತ್ತದೆ ಎಂದಿತು ಕೋರ್ಟು. ವಿಶ್ವಸಂಸ್ಥೆಯ ಆರ್ಥಿಕ, ಸಾಮಾಜಿಕ ಮತ್ತು ಸಾಂಸ್ಕೃತಿಕ ಹಕ್ಕುಗಳ ಸಮಿತಿ 1991ರಲ್ಲಿ ಸೂಕ್ತ ವಸತಿ ಎಂದರೇನು ಎಂದು ವಿವರಿಸುವಾಗ, ತೇವದಿಂದ ರಕ್ಷಣೆಯನ್ನೂ ಬಲವಂತವಾಗಿ ಹೊರಹಾಕುವುದರಿಂದ ರಕ್ಷಣೆಯನ್ನೂ ಹೆಸರಿಸಿಯೇ ಸೇರಿಸಿತು.

ಆದರೆ ಬಾಯಿಮಾತಿನ ದೂರು ಗಾಳಿಗೆ ಹೋಗುತ್ತದೆ. ನಾವು ನಮ್ಮ ಓನರ್‌ಗೆ ಅದಕ್ಕೂ ಮೊದಲೇ 3 ಸಲ ಫೋನ್ ಮಾಡಿ ಗೀಸರ್ ಜ್ವಾಲೆ ಹಳದಿಯಾಗಿದೆ, ಅಂದರೆ ಗ್ಯಾಸ್ ಪೂರ್ತಿ ಉರಿಯುತ್ತಿಲ್ಲ, ಅಂತ ಹೇಳಿದ್ದೆವು. ತಮ್ಮ ಬಿದ್ದ ಮೇಲೆ ಅವರು "ನನಗೆ ಯಾರೂ ಹೇಳೇ ಇಲ್ಲ" ಅಂದರು, ನಮ್ಮ ಬಳಿ ಒಂದು ಸಾಲಿನ ಮೆಸೇಜೂ ಇರಲಿಲ್ಲ. ಇವತ್ತೇ ಬರೆದು ಕಳಿಸಿ. ಸಿಟ್ಟು ಬೇಡ, ಬೈಗುಳ ಬೇಡ. ಹೀಗೆ ಬರೆದರೆ ಸಾಕು: "ಬಾತ್‌ರೂಮಿನಲ್ಲಿ ಗಾಳಿ ಬರುವ ದಾರಿಯಿಲ್ಲದೆ ಗ್ಯಾಸ್ ಗೀಸರ್ ಇದೆ, ಸ್ನಾನದ ನಂತರ ಮನೆಯವರಿಗೆ ತಲೆನೋವು ಬರುತ್ತಿದೆ. ಮಲಗುವ ಕೋಣೆಯ ಗೋಡೆಯಲ್ಲಿ ತೇವ, ಬೂಷ್ಟು ಇದೆ. ಸ್ವಿಚ್ ಬೋರ್ಡಿನಲ್ಲಿ ಶಾಕ್ ಹೊಡೆಯುತ್ತಿದೆ. ಫೋಟೋ ಲಗತ್ತಿಸಿದ್ದೇನೆ. ಗೀಸರ್ ಮತ್ತು ವೈರಿಂಗ್ ತಕ್ಷಣ, ಗೋಡೆ 15 ದಿನದೊಳಗೆ ಸರಿಪಡಿಸಿಕೊಡಿ. ಕೆಲಸದವರು ಬರುವ ಸಮಯ ಮೊದಲೇ ತಿಳಿಸಿದರೆ ಮನೆಯಲ್ಲಿರುತ್ತೇವೆ." ಕೊನೆಯ ವಾಕ್ಯ ಬಿಡಬೇಡಿ. ಬಾಗಿಲು ತೆಗೆಯಲಿಲ್ಲ ಎಂಬ ನೆಪಕ್ಕೆ ಆಮೇಲೆ ಜಾಗ ಇರುವುದಿಲ್ಲ.

ಉತ್ತರ ಬರದಿದ್ದರೆ ಬಾಡಿಗೆ ನಿಲ್ಲಿಸೋಣ ಅನ್ನಿಸುತ್ತದೆ. ನಿಲ್ಲಿಸಬೇಡಿ. ಬಾಕಿ ಉಳಿದ ಬಾಡಿಗೆ ನಿಮ್ಮನ್ನು ಹೊರಹಾಕಲು ಅವರಿಗೆ ಸಿಗುವ ಅತ್ಯಂತ ಸುಲಭದ ಕಾರಣ. ಕೆಲವು ಕಡೆ ರಿಪೇರಿ ಖರ್ಚನ್ನು ಬಾಡಿಗೆಯಲ್ಲಿ ಹಿಡಿದುಕೊಳ್ಳಲು, ಬಾಡಿಗೆಯನ್ನು ಕೋರ್ಟಿನಲ್ಲಿ ಕಟ್ಟಲು ಕಾನೂನು ದಾರಿ ಕೊಡುತ್ತದೆ. ಅದನ್ನು ವಕೀಲರನ್ನೋ ಉಚಿತ ಕಾನೂನು ನೆರವಿನವರನ್ನೋ ಕೇಳಿಯೇ ಮಾಡಬೇಕು. ಬಾಡಿಗೆ ಬ್ಯಾಂಕಿನ ಮೂಲಕವೇ ಹೋಗಲಿ, ರಸೀದಿ ಉಳಿಯಲಿ. ಮನೆ ಬಿಡಿ ಎಂದರೆ ಆ ಮಾತನ್ನೂ ಬರಹದಲ್ಲೇ ಕೇಳಿ. ದೂರು ಕೊಟ್ಟ ದಿನಾಂಕ, ಬಿಡಿ ಎಂದ ದಿನಾಂಕ ಎರಡೂ ಅಕ್ಕಪಕ್ಕ ಇದ್ದರೆ ಸೇಡಿಗಾಗಿ ಹೊರಹಾಕುತ್ತಿದ್ದಾರೆ ಎಂದು ತೋರಿಸಲು ಅದೇ ನಿಮ್ಮ ದೊಡ್ಡ ಸಾಕ್ಷಿ.

ಇಷ್ಟೆಲ್ಲ ಮಾಡಿಯೂ ನೀವು ಮನೆ ಬದಲಿಸುವುದೇ ಸರಿ ಅನ್ನಿಸಿದರೆ ಅದು ಸೋಲಲ್ಲ, ನಾವೂ 2 ತಿಂಗಳ ಮೇಲೆ ಬಿಟ್ಟೆವು. ಹೋಗುವಾಗ ಗಾಳಿಕಿಂಡಿಯ ರಟ್ಟು ಕಿತ್ತು, ಮುಂದೆ ಬರುವವರಿಗೆ ಕಾಣುವಂತೆ ಗೀಸರ್ ಮೇಲೆ ಒಂದು ಚೀಟಿ ಅಂಟಿಸಿ ಬಂದೆ.

ಗೀಸರ್ ನಿಲ್ಲಿಸಿದ ಮೇಲೆ ನಿಮ್ಮ ಹೆಂಡತಿಯ ತಲೆನೋವು ಏನಾಯಿತು ಅಂತ ಇಲ್ಲೇ ಬರೆಯಿರಿ. ಕಾಯುತ್ತಿರುತ್ತೇನೆ.