ನಾಯಿಕೊಡೆಯ ಅಡಿ ನೋಡಿದಿರಾ?

ಪ್ರಶ್ನೆ: ಮೇಡಂ, ನಮ್ಮದು ಗದಗ, ಈಗ ಗೋವಾದ ವಾಸ್ಕೊದಲ್ಲಿದ್ದೇವೆ. ಮಳೆ ಬಿದ್ದ ಮೇಲೆ ಕಟ್ಟಡದ ಮುಂದಿನ ಹುಲ್ಲಿನಲ್ಲಿ ತಟ್ಟೆಯಗಲದ ಬಿಳಿ ಅಣಬೆ ಎದ್ದಿವೆ. ಮೊಬೈಲಿನಲ್ಲಿ ತೆಗೆದ ಫೋಟೊ ಕಳಿಸಿದ್ದೇನೆ. ಮಾರ್ಕೆಟ್ಟಿನಲ್ಲಿ ಮಾರುವ ಅಳಮಿ ಇದೇನಾ? ಬೆಳ್ಳಿ ಕಾಲುಂಗುರ ಹಾಕಿ ಕುದಿಸಿ, ಕಪ್ಪಾಗದಿದ್ದರೆ ತಿನ್ನಬಹುದು ಅಂತಾರೆ ನಮ್ಮ ಅತ್ತೆ.
— ಒಬ್ಬ ಓದುಗರು

ಉತ್ತರ: ಮೊದಲು ಕಾಲುಂಗುರ ಕಾಲಿಗೇ ಹಾಕಿಕೊಳ್ಳಿ. ಕೊಲ್ಲುವ ಅಣಬೆಯ ವಿಷಕ್ಕೆ ಬೆಳ್ಳಿ ಕಪ್ಪಾಗುವುದಿಲ್ಲ, ಕುದಿಸಿದರೂ ಆ ವಿಷ ಹೋಗುವುದಿಲ್ಲ. ಅಮಾನಿಟಾ ಜಾತಿಯ ಕೆಲವನ್ನು ತಿಂದರೆ ಆರು ಗಂಟೆ, ಕೆಲವೊಮ್ಮೆ ಅದಕ್ಕೂ ಜಾಸ್ತಿ ಹೊತ್ತು ಏನೂ ಆಗುವುದಿಲ್ಲ. ವಾಂತಿ ಶುರುವಾಗುವಷ್ಟರಲ್ಲಿ ವಿಷ ಲಿವರಿಗೆ ಇಳಿದಿರುತ್ತದೆ. ಅತ್ತೆಗೆ ಇದನ್ನು ಸಮಾಧಾನದಲ್ಲಿ ಹೇಳಿ.

ಫೋಟೊ ಚೆನ್ನಾಗಿದೆ, ಆದರೆ ಮೇಲಿಂದ ತೆಗೆದಿದ್ದೀರಿ. ನಾನೂ ಹಾಗೇ ಮಾಡಿದ್ದೆ. ಮೊಲ್ಲೆಮ್ ಕಾಡಿನಲ್ಲಿ ಸೀರೆ ಕೆಸರು ಮಾಡಿಕೊಂಡು ನಲವತ್ತು ಫೋಟೊ ತೆಗೆದು, ಅಣಬೆ ಬಲ್ಲವರೊಬ್ಬರಿಗೆ ತೋರಿಸಿದೆ. "ಟೋಪಿ ಎಲ್ಲಾ ಸರಿ, ಮುಖ ಎಲ್ಲಮ್ಮಾ?" ಅಂದರು! ಅಂಗಡಿಯಲ್ಲಿ ಕೊಡೆ ಕೊಳ್ಳುವಾಗ ಬಿಚ್ಚಿ ಕಡ್ಡಿ ನೋಡುತ್ತೇವೆ ಅಲ್ವಾ? ನಾಯಿಕೊಡೆಗೂ ಅಷ್ಟೇ. ಅಡಿಯ ಪದರಗಳು, ಕಾಲಿನ ಬಳೆ, ಬುಡ, ಇವು ಕಾಣಬೇಕು. ಪಕ್ಕದಲ್ಲಿ ಒಂದು ರೂಪಾಯಿ ನಾಣ್ಯ ಇಟ್ಟರೆ ಅಳತೆ ತಿಳಿಯುತ್ತದೆ. ಫ್ಲ್ಯಾಶ್ ಬೇಡ, ಬಿಳಿ ಬಣ್ಣ ಸುಟ್ಟ ಹಾಗೆ ಬರುತ್ತದೆ. ಬೆಳಕು ಸಾಲದಿದ್ದರೆ ಬಿಳಿ ಕಾಗದ ಪಕ್ಕಕ್ಕೆ ಹಿಡಿಯಿರಿ. ಅಭಯಾರಣ್ಯದಲ್ಲಾದರೆ ಕೀಳಬೇಡಿ. ನಾನೀಗ ಪೌಡರ್ ಡಬ್ಬಿಯ ಕನ್ನಡಿಯನ್ನು ಅಡಿಗೆ ತೂರಿಸಿ, ಅದರೊಳಗೆ ಕಾಣುವುದನ್ನು ಕ್ಲಿಕ್ ಮಾಡುತ್ತೇನೆ.

ಇಲ್ಲಿ ಎಣಿಸಿ, ಎಲೆಯಲ್ಲಿ ಸುತ್ತಿ ಮಾರುವ ದುಬಾರಿ ಅಳಮಿ ನಮ್ಮೂರಿನ ಹುತ್ತದ ಅಣಬೆಯೇ. ಗೆದ್ದಲು ನೆಲದೊಳಗೆ ಸಾಕುವ ಬೂಷ್ಟಿನಿಂದ ಅದು ಏಳುತ್ತದೆ. ಹಾಗಾಗಿ ಮೆಲ್ಲಗೆ ಅಗೆದರೆ ಬೇರಿನಂಥ ಉದ್ದ ಬಾಲ ಆಳಕ್ಕೆ ಇಳಿದಿರುತ್ತದೆ. ಟೋಪಿಯ ನಡುವೆ ಮೊನೆ ಇರುತ್ತದೆ. ನಿಮ್ಮ ಫೋಟೊದಲ್ಲಿ ಮೊನೆ ಇಲ್ಲ, ಕಂದು ಹೊಪ್ಪಳೆ ಇದೆ. ಹುಲ್ಲಿನಲ್ಲಿ ಇಷ್ಟು ದೊಡ್ಡದಾಗಿ ಏಳುವ, ತಿಂದವರಿಗೆ ವಿಪರೀತ ವಾಂತಿ ಬರಿಸುವ ಕ್ಲೋರೊಫಿಲಮ್ ಇರಬಹುದೆಂದು ನನ್ನ ಅನುಮಾನ.

ಒಂದು ಕೆಲಸ ಮಾಡಿ. ಪೂರ್ತಿ ಅರಳಿದ್ದನ್ನು ಕಿತ್ತುಕೊಳ್ಳಿ. ಮುಟ್ಟಿದರೆ ವಿಷ ಏರುವುದಿಲ್ಲ, ಆಮೇಲೆ ಕೈ ತೊಳೆದರೆ ಸಾಕು. ಕಾಲು ಕತ್ತರಿಸಿ, ಟೋಪಿಯನ್ನು ಬಿಳಿ ಕಾಗದದ ಮೇಲೆ ಅಡಿ ಕೆಳಗಾಗಿ ಇಟ್ಟು, ಪಾತ್ರೆ ಮುಚ್ಚಿ ರಾತ್ರಿಯಿಡೀ ಬಿಡಿ. ಉದುರಿದ ಪುಡಿ ರಂಗೋಲಿ ಹಾಗೆ ಗೆರೆ ಮೂಡಿಸುತ್ತದೆ. ಹುತ್ತದ್ದಾದರೆ ನಸುಗುಲಾಬಿ, ಕ್ಲೋರೊಫಿಲಮ್ ಆದರೆ ಮಂಕು ಹಸಿರು. ಎಳೆಯದನ್ನು ಇಡಬೇಡಿ, ಅದರ ಅಡಿ ಇನ್ನೂ ಬಿಳಿಯಾಗಿದ್ದು ಮೋಸ ಮಾಡುತ್ತದೆ. ಯಾವ ಬಣ್ಣ ಬಂದರೂ ಅಡುಗೆಮನೆಗೆ ಮಾತ್ರ ಒಯ್ಯಬೇಡಿ. ಕಾಗದದ ಫೋಟೊ ನನಗೆ ಕಳಿಸಿ, ಈ ಸಲ ಅಡಿಯದ್ದೂ ಇರಲಿ.