ಲಾನಿನಲ್ಲಿ ಮಾವಿನ ಮರದ ಬೇರು ಮೇಲೆದ್ದಿವೆ: ಕಡಿಸಬೇಕಾ, ಮಣ್ಣು ಹಾಕಿ ಮುಚ್ಚಬೇಕಾ?

ಹಳೇ ಮಾವಿನ ಮರದ ಬೇರು ಲಾನಿನಲ್ಲಿ ಎದ್ದು ಕಾಲಿಗೆ ತೊಡರುತ್ತಿವೆ, ಕಡಿಸಲೋ ಮುಚ್ಚಿಸಲೋ ಅಂತ ಕೇಳಿದ್ದೀರಿ. ದಯವಿಟ್ಟು ಎರಡೂ ಬೇಡ. ಮುಚ್ಚಿದರೆ ಏನಾಗುತ್ತೆ ಅಂತ ನಾನು ಕಣ್ಣಾರೆ ನೋಡಿದ್ದೇನೆ.

ಬೆಳಗಾವಿಯಲ್ಲಿ ನಮ್ಮ ಮನೆ ಮುಂದೆ ಅಜ್ಜ ಹಚ್ಚಿದ ಮಾವಿನ ಮರ ಇದೆ. ಇಲ್ಲಿನ ಮಳೆ ಗೊತ್ತಲ್ವಾ? ಕೆಂಪು ಮಣ್ಣು ವರ್ಷಾ ವರ್ಷಾ ಕೊಚ್ಚಿಹೋಗಿ ಬೇರು ಮೇಲೆ ಬಂದಿದ್ದವು. ಒಂದು ಟ್ರ್ಯಾಕ್ಟರ್ ಮಣ್ಣು ತರಿಸಿ, ಬುಡದ ಸುತ್ತ ಒಂದಡಿ ಏರಿಸಿ, ಹುಲ್ಲು ಹಚ್ಚಿಸಿದೆ. ನೋಡಲು ಚಂದ ಇತ್ತು. ಮೂರನೇ ವರ್ಷ ತುದಿಯ ಟೊಂಗೆಗಳು ಒಣಗತೊಡಗಿದವು. ಬುಡದ ಮಣ್ಣು ಸರಿಸಿದರೆ ತೊಗಟೆ ಕಪ್ಪಾಗಿ, ಹುಳಿ ವಾಸನೆ ಬರುತ್ತಿತ್ತು. ಉಗುರಿನಿಂದ ಎಳೆದರೆ ನೆನೆದ ರಟ್ಟಿನ ಹಾಗೆ ಕಿತ್ತು ಬಂತು. ವಾರಗಟ್ಟಲೆ ಕೂತು ಆ ಮಣ್ಣೆಲ್ಲ ತೆಗೆದೆ. ಮರ ಉಳಿಯಿತು. ರಸ್ತೆ ಕಡೆಯ ದೊಡ್ಡ ಟೊಂಗೆ ಉಳಿಯಲಿಲ್ಲ. ಇವತ್ತಿಗೂ ಅದನ್ನು ನೆನೆದರೆ ಸಂಕಟ ಆಗುತ್ತೆ.

ನೀರು ಹೀರುವ ಸಣ್ಣ ಬೇರುಗಳು ಜಾಸ್ತಿ ಇರುವುದು ಮೇಲಿನ ಒಂದೂವರೆ ಅಡಿಯಲ್ಲೇ. ಅವಕ್ಕೆ ನೀರಿನಷ್ಟೇ ಗಾಳಿಯೂ ಬೇಕು. ಮೇಲೆ ಮಣ್ಣು ಹೇರಿದರೆ ಉಸಿರು ಕಟ್ಟುತ್ತೆ. ವಿಜಯಪುರ, ಬಾಗಲಕೋಟೆ ಕಡೆಯ ಎರೆಮಣ್ಣಾದರೆ ಇನ್ನೂ ಕಷ್ಟ, ಅದು ನೀರು ಹಿಡಿದುಕೊಂಡು ಅಂಟಿಕೊಳ್ಳುತ್ತೆ. ಇನ್ನು ದಪ್ಪ ಬೇರು ಕಡಿದರೆ ಮರದ ಹಿಡಿತವೇ ಹೋಗುತ್ತೆ. ಜೋರು ಗಾಳಿಗೆ ಅದು ಯಾವ ಕಡೆ ಬೀಳುತ್ತೋ ಹೇಳಲಾಗದು.

ಮರದ ಕೆಳಗಿನ ಹುಲ್ಲಿನ ಆಸೆ ಬಿಡಿ. ಅಷ್ಟು ನೆರಳಲ್ಲಿ ಹೇಗೂ ಅದು ಚೆನ್ನಾಗಿ ಬರಲ್ಲ, ಸುಮ್ನೆ ಮಷಿನ್ ಬ್ಲೇಡು ತಾಗಿ ಬೇರಿಗೆ ಗಾಯ. ಹುಲ್ಲು ತೆಗೆದು ಒಣ ಎಲೆ ಎರಡು ಮೂರು ಇಂಚು ಹರಡಿ, ಕಾಂಡದ ಸುತ್ತ ಒಂದು ಗೇಣು ಜಾಗ ಬಿಡಿ. ಕಬ್ಬಿನ ರವದಿ, ಅಂದರೆ ಒಣಗಿದ ಗರಿ, ಸಿಕ್ಕರೂ ಆಗುತ್ತೆ, ಗೆದ್ದಲು ಮಾತ್ರ ನೋಡಿಕೊಳ್ಳಿ. ಎಲೆ ಕರಗಿದಂತೆ ಮತ್ತೆ ಹಾಕುತ್ತಿರಿ. ದಿನಾ ಪೈಪಿನಿಂದ ಮೇಲೆ ಮೇಲೆ ನೀರು ಚಿಮುಕಿಸಬೇಡಿ. ಬೇಸಿಗೆಯಲ್ಲಿ ಹತ್ತು ಹದಿನೈದು ದಿನಕ್ಕೊಮ್ಮೆ, ಟೊಂಗೆಗಳ ನೆರಳು ಮುಗಿಯುವ ಕಡೆ ಆಳಕ್ಕೆ ಇಳಿಯುವಷ್ಟು ಬಿಡಿ. ಓಡಾಡುವ ದಾರಿಯಲ್ಲೇ ಬೇರು ಬಂದಿದ್ದರೆ ದಾರಿಯನ್ನೇ ಸ್ವಲ್ಪ ತಿರುಗಿಸಿ.

ಈಗಾಗಲೇ ಮಣ್ಣು ಸುರಿಸಿದ್ದೀರಾ? ಮಳೆ ಶುರುವಾಗುವ ಮುಂಚೆ ಬುಡದ ಸುತ್ತಲಿನದನ್ನಾದರೂ ತೆಗೆಸಿ. ಗುದ್ದಲಿ ಬೇಡ, ಕೈಯಿಂದಲೇ.